ಎಡವಟ್ಟು ಜಾದೂಗಾರರ ಹಾಸ್ಯ ಪ್ರದರ್ಶನ ಕಟ್ಟುವುದು ಹೇಗೆ: ಕೊಡಗಿನ ತಂಡಗಳಿಗೆ ಹಂತ ಹಂತದ ಮಾರ್ಗದರ್ಶಿ

"ಹೇಗೂ ಕೆಡಬೇಕಾದ ಜಾದೂ ತಾನೆ, ಅದಕ್ಕೇನು ತಾಲೀಮು?" ಶಾಲಾ ವಾರ್ಷಿಕೋತ್ಸವಕ್ಕೋ ಯುವಕ ಸಂಘದ ಕಾರ್ಯಕ್ರಮಕ್ಕೋ ಈ ಪ್ರದರ್ಶನ ಮಾಡಹೊರಟ ತಂಡಗಳಲ್ಲಿ ಹೆಚ್ಚಿನವು ಮುಗ್ಗರಿಸುವುದು ಈ ಒಂದು ಮಾತಿನಿಂದಲೇ. ಮೊದಲ ಐದು ನಿಮಿಷ ಜನ ನಗುತ್ತಾರೆ. ಹತ್ತನೇ ನಿಮಿಷಕ್ಕೆ ಮಕ್ಕಳು ಎದ್ದು ಓಡಾಡಲು ಶುರು. ಹದಿನೈದಕ್ಕೆ ಹಿಂದಿನ ಸಾಲಿನವರು ಕಾಫಿ ಕುಡಿಯಲು ಹೊರಗೆ. ಮಡಿಕೇರಿ, ಗೋಣಿಕೊಪ್ಪಲು, ಸೋಮವಾರಪೇಟೆ ಕಡೆಯ ಸಭಾಂಗಣಗಳಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಹುಡುಗರು ಪ್ರತಿಭಾವಂತರೇ. ಕೆಲಸದ ಅನುಕ್ರಮ ಮಾತ್ರ ತಲೆಕೆಳಗಾಗಿರುತ್ತದೆ.

ಈ ಮಾರ್ಗದರ್ಶಿ ನಲವತ್ತು ನಿಮಿಷದ ಪ್ರದರ್ಶನಕ್ಕೆ. ವೇದಿಕೆಯ ಮೇಲೆ ನಾಲ್ವರು, ಪರದೆಯ ಹಿಂದೆ ಇಬ್ಬರು, ತಾಲೀಮಿಗೆ ಆರು ವಾರ. ಅದಕ್ಕಿಂತ ಕಡಿಮೆ ಸಮಯವಿದ್ದರೆ ಹಂತಗಳನ್ನು ಬಿಡಬೇಡಿ, ಐಟಂಗಳನ್ನು ಕಡಿಮೆ ಮಾಡಿ.

ಮೊದಲು ಕೂಡಿಸಿಕೊಳ್ಳಬೇಕಾದ ಸಾಮಾನು

ಹತ್ತಿಯ ಮೆತ್ತನೆಯ ಹಗ್ಗ ಮೂವತ್ತು ಮೀಟರ್, ಎರಡು ಕತ್ತರಿ (ಒಂದು ಹರಿತ, ಒಂದು ಮೊಂಡು), ದೊಡ್ಡ ಡ್ರಾಯಿಂಗ್ ಹಾಳೆಗಳು, ಹಳೆಯ ದಿನಪತ್ರಿಕೆಗಳು, ಬಣ್ಣದ ಕರವಸ್ತ್ರ ಆರು, ಒಂದು ಟ್ರೇ ಮೊಟ್ಟೆ, ನೆಲಕ್ಕೆ ಹಾಸಲು ಟಾರ್ಪಾಲ್, ಮೊಣಕಾಲೆತ್ತರದ ಎರಡು ಮೇಜು, ಅವುಗಳಿಗೆ ನೆಲ ಮುಟ್ಟುವ ಬಟ್ಟೆ. ಜೊತೆಗೆ ಒಂದು ಕಾಫಿ ಗೋಣಿಚೀಲ. ತೋಟದವರ ಮನೆಯಲ್ಲಿ ಕೇಳಿದರೆ ಸಿಗುತ್ತದೆ. ಈ ಚೀಲವೇ ಪ್ರದರ್ಶನದ ಬೆನ್ನೆಲುಬು, ಆದ್ದರಿಂದ ಹರಿಯದ ಗಟ್ಟಿ ಚೀಲವನ್ನೇ ಆರಿಸಿ.

ಅಂಗಡಿಯಲ್ಲಿ ಸಿಗುವ ಹೊಳೆಯುವ ಜಾದೂ ಪೆಟ್ಟಿಗೆಗಳಿಗೆ ದುಡ್ಡು ಸುರಿಯಬೇಡಿ. ಹೊಳೆಯುವ ಪೆಟ್ಟಿಗೆ ಕಂಡೊಡನೆ ಜನ "ಅದರಲ್ಲೇ ಏನೋ ಇದೆ" ಎಂದುಕೊಳ್ಳುತ್ತಾರೆ. ಮನೆಯ ಹಗ್ಗ, ಮನೆಯ ಪತ್ರಿಕೆ ಕೆಟ್ಟಾಗ ಬರುವ ನಗು ಅದಕ್ಕೆ ಬರುವುದಿಲ್ಲ.

ಹಂತ 1: ಮೊದಲು ಜಾದೂವನ್ನು ಸರಿಯಾಗಿ ಕಲಿಯಿರಿ

ಹಗ್ಗ ಕತ್ತರಿಸಿ ಮತ್ತೆ ಒಂದು ಮಾಡುವುದು, ಪತ್ರಿಕೆ ಹರಿದು ಮತ್ತೆ ಇಡಿಯಾಗಿ ತೋರಿಸುವುದು, ಕರವಸ್ತ್ರ ಮಾಯ ಮಾಡುವುದು, ಪ್ರೇಕ್ಷಕರು ಮನಸ್ಸಿನಲ್ಲಿಟ್ಟ ಇಸ್ಪೀಟ್ ಎಲೆಯನ್ನು ಹೇಳುವುದು. ಈ ನಾಲ್ಕು ಸಾಕು. ಪ್ರತಿಯೊಂದನ್ನೂ ಕನ್ನಡಿ ಮುಂದೆ, ಆಮೇಲೆ ಮನೆಯವರ ಮುಂದೆ, ಒಂದೂ ತಪ್ಪದೆ ಸತತ ಇಪ್ಪತ್ತು ಸಲ ಮಾಡಿ ತೋರಿಸುವವರೆಗೆ ಕೆಡಿಸುವ ಮಾತೇ ಎತ್ತಬೇಡಿ.

ಏಕೆಂದರೆ ಕೈಗೆ ಬಾರದ ಜಾದೂ ಎಲ್ಲೆಂದರಲ್ಲಿ ಕೆಡುತ್ತದೆ. ನಿಮಗೆ ಬೇಕಾದದ್ದು ಒಂದೇ ಜಾಗದಲ್ಲಿ, ಒಂದೇ ಕ್ಷಣದಲ್ಲಿ ಕೆಡುವ ಜಾದೂ. ಕೆಂಪು ಫೆಜ್ ಟೋಪಿ ಹಾಕಿಕೊಂಡು ಜಾದೂ ಕೆಡಿಸಿಯೇ ಬ್ರಿಟನ್ನಿನಲ್ಲಿ ಮನೆಮಾತಾದ ಟಾಮಿ ಕೂಪರ್ ಲಂಡನ್ನಿನ ಮ್ಯಾಜಿಕ್ ಸರ್ಕಲ್ ಎಂಬ ಜಾದೂಗಾರರ ಸಂಘದ ಸದಸ್ಯರಾಗಿದ್ದ, ಕೈಚಳಕ ಬಲ್ಲ ಜಾದೂಗಾರ. ಅದೇ ಊರಿನಲ್ಲಿ 2019ರ ಕೊನೆಗೆ ವಾಡೆವಿಲ್ ಥಿಯೇಟರಿಗೆ ಬಂದ 'ಮ್ಯಾಜಿಕ್ ಗೋಸ್ ರಾಂಗ್' ನಾಟಕ ಪೂರ್ತಿ ಕೆಡುವ ಜಾದೂಗಳದ್ದೇ. ಅದನ್ನು ಕಟ್ಟುವಾಗ ಮಿಸ್ಚಿಫ್ ತಂಡ ಜೊತೆಗೆ ಸೇರಿಸಿಕೊಂಡದ್ದು ಪೆನ್ ಮತ್ತು ಟೆಲ್ಲರ್ ಎಂಬ ಪಳಗಿದ ಜಾದೂ ಜೋಡಿಯನ್ನು.

ಸಾಮಾನ್ಯ ತಪ್ಪು: ಇಸ್ಪೀಟ್ ಎಲೆಯನ್ನೇ ವೇದಿಕೆಯಲ್ಲಿ ಹಿಡಿಯುವುದು. ನಾಲ್ಕನೇ ಸಾಲಿನ ಹಿಂದೆ ಅದು ಯಾರಿಗೂ ಕಾಣದು. ಎಲೆಗಳನ್ನು ಡ್ರಾಯಿಂಗ್ ಹಾಳೆಯಲ್ಲಿ ದೊಡ್ಡದಾಗಿ ಬರೆದುಕೊಳ್ಳಿ.

ಹಂತ 2: ಪ್ರತಿಯೊಬ್ಬರೂ ಏಕೆ ಕೆಡಿಸುತ್ತಾರೆ ಎಂದು ತೀರ್ಮಾನಿಸಿ

"ಇವರಿಗೆ ಬರುವುದಿಲ್ಲ" ಎನ್ನುವುದು ಕಾರಣವಲ್ಲ. ನಾಲ್ವರಿಗೂ ಬೇರೆ ಬೇರೆ ದೋಷ ಕೊಡಿ. ಗುರುವಿಗೆ ತಾನು ತಪ್ಪುವುದಿಲ್ಲ ಎಂಬ ನಂಬಿಕೆ, ಆದ್ದರಿಂದ ಕೈಯತ್ತ ನೋಡುವುದೇ ಇಲ್ಲ. ಸಹಾಯಕಿಗೆ ಎಲ್ಲ ಗೊತ್ತು, ಆದರೆ ಅವಳ ಮಾತು ಯಾರೂ ಕೇಳುವುದಿಲ್ಲ. ಹೊಸ ಹುಡುಗನಿಗೆ ಭಯ, ಹೇಳಿದ್ದನ್ನು ಒಂದು ಕ್ಷಣ ಮೊದಲೇ ಮಾಡಿಬಿಡುತ್ತಾನೆ. ಸಾಮಾನು ಎತ್ತಿಡುವವನಿಗೆ ವೇದಿಕೆ ಚೊಕ್ಕಟವಾಗಿರಬೇಕು, ಅಷ್ಟೇ. ಜಾದೂಗೆ ಬೇಕಾದದ್ದನ್ನೂ ಕಸವೆಂದು ಗುಡಿಸಿ ಗೋಣಿಚೀಲಕ್ಕೆ ತುಂಬುತ್ತಾನೆ.

ಈ ನಾಲ್ಕು ಸ್ವಭಾವ ಗಟ್ಟಿಯಾದರೆ ಎಡವಟ್ಟುಗಳು ತಾವಾಗಿ ಹುಟ್ಟುತ್ತವೆ. ತಾಲೀಮಿನಲ್ಲಿ ಯಾವುದಾದರೂ ತಮಾಷೆ ಹೊಳೆದರೆ "ಇದು ಯಾರ ದೋಷದಿಂದ ಆಯಿತು?" ಎಂದು ಕೇಳಿ. ಉತ್ತರವಿಲ್ಲದಿದ್ದರೆ ಆ ತಮಾಷೆ ಬಿಡಿ, ಎಷ್ಟೇ ಚೆನ್ನಾಗಿದ್ದರೂ.

ಇನ್ನೊಂದು ಮಾತು. ಪೆದ್ದನಂತೆ ಆಡುವ ಪಾತ್ರಕ್ಕೆ ಕೊಡವರ ಸಾಂಪ್ರದಾಯಿಕ ಉಡುಪಾದ ಕುಪ್ಯಚೇಲೆ ತೊಡಿಸಬೇಡಿ, ಅದರ ಜೊತೆ ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯನ್ನು ಜಾದೂ ಸಾಮಾನಾಗಿ ಬಳಸಬೇಡಿ. ಅವು ಮದುವೆಯಲ್ಲಿ, ಹಬ್ಬದಲ್ಲಿ ಗೌರವದಿಂದ ತೊಡುವವು. ತೋಟದ ಕಾರ್ಮಿಕರ ಮಾತಿನ ಧಾಟಿಯನ್ನು ಅಣಕಿಸುವುದೂ ಬೇಡ. ಸಭೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವ ಮಾತಾಡುವವರೆಲ್ಲ ಕೂತಿರುತ್ತಾರೆ. ಒಬ್ಬರ ಮುಖ ಸಣ್ಣದಾದರೂ ಅವರ ಇಡೀ ಸಾಲು ನಗುವುದನ್ನು ನಿಲ್ಲಿಸುತ್ತದೆ. ಇಷ್ಟು ಭಾಷೆಗಳ ಸಭೆಗೆ ಮಾತಿನ ಚೇಷ್ಟೆಗಿಂತ ಕಣ್ಣಿಗೆ ಕಾಣುವ ಎಡವಟ್ಟು ಹೆಚ್ಚು ಒದಗುತ್ತದೆ.

ಹಂತ 3: ಎಡವಟ್ಟನ್ನು ಕ್ಷಣಕ್ಷಣವಾಗಿ ಕಟ್ಟಿ

ಹೆಚ್ಚಿನ ತಂಡಗಳು ಕುಸಿಯುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ. ಪ್ರತಿ ಎಡವಟ್ಟಿಗೂ ನಾಲ್ಕು ಭಾಗ: ಮಾತು ಕೊಡುವುದು, ಆಸೆ ಹುಟ್ಟಿಸುವುದು, ಕೆಡುವುದು, ಮುಚ್ಚಿಕೊಳ್ಳುವುದು. ಮೊದಲನೆಯದನ್ನು ಬಿಟ್ಟರೆ ಏನು ಆಗಬೇಕಿತ್ತೆಂದು ಜನರಿಗೆ ತಿಳಿಯುವುದಿಲ್ಲ, ಕೆಟ್ಟದ್ದೂ ತಿಳಿಯುವುದಿಲ್ಲ. ನಾಲ್ಕನೆಯದನ್ನು ಬಿಟ್ಟರೆ ಸಿಗುವುದು ಅರ್ಧ ನಗು.

ಪತ್ರಿಕೆಯ ಐಟಂ ತೆಗೆದುಕೊಳ್ಳೋಣ. ಗುರು ಮಡಿಕೇರಿಯ 'ಶಕ್ತಿ' ಪತ್ರಿಕೆಯನ್ನು ಬಿಡಿಸಿ, ಎರಡೂ ಮಗ್ಗುಲು ತೋರಿಸಿ, ಮುಂದಿನ ಸಾಲಿನ ಅಜ್ಜನಿಗೆ ಕೇಳುವಂತೆ ಒಂದು ತಲೆಬರಹ ಓದುತ್ತಾನೆ. "ಇದನ್ನು ಹರಿಯುತ್ತೇನೆ, ಇದೇ ಪತ್ರಿಕೆಯನ್ನು ಇಡಿಯಾಗಿ ಕೊಡುತ್ತೇನೆ." ಇದು ಮಾತು. ಹರಿಯುತ್ತಾನೆ, ಚೂರುಗಳನ್ನು ಮಡಚುತ್ತಾನೆ, ಸಂಗೀತ ಏರುತ್ತದೆ. ಒಂದು ಮಡಿಕೆ ಬಿಚ್ಚುತ್ತಾನೆ, ಕಾಗದ ಇಡಿಯಾಗಿ ಬರುತ್ತಿರುವುದು ಕಾಣುತ್ತದೆ, ಮಕ್ಕಳು ಚಪ್ಪಾಳೆ ಶುರು ಮಾಡುತ್ತಾರೆ. ಇದು ಆಸೆ. ಪೂರ್ತಿ ಬಿಚ್ಚಿದಾಗ ಒಂದು ಚೂರೂ ಹರಿದಿಲ್ಲ, ಆದರೆ ಪತ್ರಿಕೆ ಮಲಯಾಳಂ. ಗುರು ಅದನ್ನು ನೋಡಿಲ್ಲ, ಕೈಯತ್ತ ಅವನು ನೋಡುವುದೇ ಇಲ್ಲವಲ್ಲ. ಜನ ನೋಡಿದ್ದಾರೆ. ಇಲ್ಲಿ ಯಾರೂ ಮಾತಾಡಬಾರದು. ಮೂರು ಎಣಿಸಿ. ಸಹಾಯಕಿ ಮೆಲ್ಲನೆ "ಗುರುಗಳೇ..." ಅನ್ನುತ್ತಾಳೆ. ಗುರು ಪತ್ರಿಕೆ ನೋಡಿ, ತಲೆಕೆಳಗು ಮಾಡಿ, ಮತ್ತೆ ನೇರ ಮಾಡಿ, ಅಜ್ಜನ ಹತ್ತಿರ ಹೋಗಿ, "ಸುದ್ದಿ ಅದೇ ಅಜ್ಜ, ಗಡಿ ದಾಟಿದೆ ಅಷ್ಟೆ" ಎಂದು ಗಂಭೀರವಾಗಿ ಕೊಟ್ಟು ಬರುತ್ತಾನೆ. ಅದು ಮುಚ್ಚಿಕೊಳ್ಳುವುದು.

ಆ ಮೂರು ಎಣಿಕೆಯ ಮೌನವೇ ಈ ಐಟಂನ ಜೀವ. ಹೊಸಬರು ಅಲ್ಲಿ ಹೆದರಿ ಮಾತು ತುಂಬುತ್ತಾರೆ. ಬೆರಳು ಮಡಚಿ ಎಣಿಸುವುದನ್ನು ಅಭ್ಯಾಸ ಮಾಡಿಸಿ.

ಇನ್ನೂ ಎರಡು ನಿಯಮಗಳಿವೆ. ಕೆಟ್ಟಾಗ ಜಾದೂಗಾರ ನಗಬಾರದು. ಅವನಿಗೆ ಅದು ನಿಜವಾದ ಸಂಕಟ, ಅವನು ನಕ್ಕರೆ ಜನರಿಗೆ ನಗಲು ಏನೂ ಉಳಿಯುವುದಿಲ್ಲ. ಎರಡನೆಯದು, ನಿಜವಾದ ತಂತ್ರವನ್ನು ಬಯಲು ಮಾಡಬಾರದು. ಬಯಲಾಗುವುದು ಸುಳ್ಳು ತಂತ್ರವಾಗಿರಲಿ. ಕರವಸ್ತ್ರ ಮಾಯವಾದದ್ದು ಹೊಸ ಹುಡುಗ ಮೇಜಿನ ಕೆಳಗಿಂದ ಕೈ ಹಾಕಿ ಎಳೆದಿದ್ದರಿಂದ ಎಂದು ತೋರಲಿ, ಅದು ನೀವು ನಿಜಕ್ಕೂ ಮಾಡಿದ ವಿಧಾನವಾಗಿರಬಾರದು. ಜಾದೂವನ್ನೇ ನೆಚ್ಚಿ ಬದುಕುವವರು ನಮ್ಮ ಸುತ್ತ ಇದ್ದಾರೆ, ಅವರ ಗುಟ್ಟು ನಮ್ಮ ನಗೆಗಾಗಿ ಖರ್ಚಾಗುವುದು ನನಗೆ ಸರಿಕಾಣುವುದಿಲ್ಲ.

ಹಂತ 4: ಐಟಂಗಳ ಸರದಿ

ಮೊದಲ ಜಾದೂ ಕೆಡಬಾರದು. ಚಿಕ್ಕದಾದರೂ ಅಚ್ಚುಕಟ್ಟಾಗಿ ಫಲಿಸಬೇಕು. ಕರವಸ್ತ್ರ ಮಾಯವಾಗುವುದು ಇದಕ್ಕೆ ಚೆನ್ನ. "ಇವರಿಗೆ ಜಾದೂ ಬರುತ್ತದೆ" ಎಂದು ಜನ ನಂಬಿದ ಮೇಲೆಯೇ ಮುಂದಿನ ಎಡವಟ್ಟಿಗೆ ಬೆಲೆ. ಆ ಕರವಸ್ತ್ರ ಎಲ್ಲಿ ಹೋಯಿತೆಂದು ಗುರುವಿಗೂ ತಿಳಿಯದೆ ಅವನು ಜೇಬು ತಡಕುವುದರಿಂದ ಎಡವಟ್ಟು ಶುರುವಾಗಲಿ.

ಆಮೇಲೆ ಸಣ್ಣದರಿಂದ ದೊಡ್ಡದಕ್ಕೆ. ಎಲೆ ಹೇಳುವುದು ಪ್ರದರ್ಶನದುದ್ದಕ್ಕೂ ಮೂರು ಸಲ ತಪ್ಪಲಿ. ನಡುವೆ ಪತ್ರಿಕೆ, ಮೊಟ್ಟೆ ಒಡೆಯುವ ಎಡವಟ್ಟು. ಹಗ್ಗ ಮಾತ್ರ ಎಲ್ಲದರ ನಡುವೆ ಹರಿಯುವ ದಾರ: ಗುರು ಐದು ನಿಮಿಷಕ್ಕೊಮ್ಮೆ ಹಗ್ಗ ಹಿಡಿದು ಬರುತ್ತಾನೆ, ಪ್ರತಿ ಸಲ ಅದು ಇನ್ನಷ್ಟು ತುಂಡಾಗುತ್ತದೆ, ಸಾಮಾನಿನವನು ತುಂಡುಗಳನ್ನು ಗುಡಿಸಿ ಗೋಣಿಚೀಲಕ್ಕೆ ಹಾಕುತ್ತಾನೆ. ನಾಲ್ಕನೇ ಸಲ ಗುರುವಿನ ಕೈಯಲ್ಲಿ ಬೆರಳುದ್ದದ ಹಗ್ಗ. ಅಷ್ಟರಲ್ಲಿ ಹಗ್ಗ ಕಂಡರೆ ಸಾಕು, ಜನ ನಗುತ್ತಾರೆ.

ಕೊನೆಯ ಜಾದೂ ಫಲಿಸಲೇಬೇಕು. ಗುರು ಸೋತು ಮೂಲೆಯಲ್ಲಿ ಕೂತಾಗ ಸಾಮಾನಿನವನು ಚೀಲ ಕೊಡವುತ್ತಾನೆ, ಹಗ್ಗದ ಒಂದು ತುದಿ ಹೊರಬರುತ್ತದೆ. ಎಳೆದಷ್ಟೂ ಬರುತ್ತದೆ. ಇಡೀ ಹಗ್ಗ, ಒಂದೂ ಗಂಟಿಲ್ಲದೆ, ಮೊದಲು ಮಾಯವಾದ ಕರವಸ್ತ್ರ, ಮೂರು ಸಲ ತಪ್ಪಿದ ಎಲೆ ಎಲ್ಲ ಅದರಲ್ಲಿ ತೂಗಾಡುತ್ತಾ ವೇದಿಕೆಯ ಈ ತುದಿಯಿಂದ ಆ ತುದಿಗೆ. ಇದಕ್ಕೆ ಚೀಲದೊಳಗೆ ಇನ್ನೊಂದು ಪದರ ಹೊಲಿಸಿ, ಎರಡನೇ ಹಗ್ಗವನ್ನು ಮೊದಲೇ ಸುತ್ತಿಡಿ. ಸುತ್ತುವಾಗ ವೃತ್ತಾಕಾರ ಬೇಡ, ಎಂಟರ ಆಕಾರದಲ್ಲಿ ಸುತ್ತಿ. ವೃತ್ತಾಕಾರದ ಸುರುಳಿ ಎಳೆಯುವಾಗ ಗಂಟಾಗುತ್ತದೆ.

ಮುಕ್ತಾಯವನ್ನು ಗೆಲುವಿನವರೆಗೂ ತರದೆ ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆಯೊಂದಿದೆ. 1956ರ ಏಪ್ರಿಲ್‌ನಲ್ಲಿ ಪಿ.ಸಿ. ಸರ್ಕಾರ್ ಬಿಬಿಸಿ ದೂರದರ್ಶನದಲ್ಲಿ ಸಹಾಯಕಿಯನ್ನು ಗರಗಸದಿಂದ ಕೊಯ್ಯುವ ಜಾದೂ ತೋರಿಸಿದರು. ಆಕೆ ಎಚ್ಚರಗೊಳ್ಳದೆ ಮಲಗಿದ್ದಾಗಲೇ ನಿರೂಪಕರು ಮುಂದೆ ಬಂದು ಕಾರ್ಯಕ್ರಮ ಮುಗಿಸಿದರು. ನಿಜಕ್ಕೂ ಸತ್ತಳೆಂದು ಹೆದರಿದ ವೀಕ್ಷಕರ ಕರೆಗಳು ಬಿಬಿಸಿಗೆ ಮುತ್ತಿದವು. ಸರ್ಕಾರರಿಗೆ ಅದು ಪ್ರಸಿದ್ಧಿ ತಂದಿತು. ನಿಮ್ಮ ಊರಿನ ಸಭಾಂಗಣದಲ್ಲಿ ಮಕ್ಕಳು ಅಳುತ್ತಾ ಮನೆಗೆ ಹೋಗುತ್ತಾರೆ. ವೇದಿಕೆಯಲ್ಲಿ "ಪೆಟ್ಟಾದ" ಪ್ರತಿಯೊಬ್ಬರೂ ಕೊನೆಗೆ ನಗುಮುಖದಿಂದ ಬಂದು ಕೈಮುಗಿಯಬೇಕು.

ಹಂತ 5: ಮಳೆ, ಮಂಜು, ತೇವ

ಬಯಲುಸೀಮೆಯವರು ಬರೆದ ಸೂಚನೆಗಳು ನಮ್ಮಲ್ಲಿ ಕೈಕೊಡುವುದು ಇಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದ ತೇವ ಹೀರಿ ಮೆತ್ತಗಾಗುತ್ತದೆ, ಪತ್ರಿಕೆ ಹರಿದರೆ ಪರ್ ಎಂಬ ಸದ್ದೇ ಬರುವುದಿಲ್ಲ, ಆ ಸದ್ದಿಲ್ಲದೆ ಐಟಂ ಸಪ್ಪೆ. ಇಸ್ಪೀಟ್ ಎಲೆ ಉಬ್ಬಿ ಒಂದಕ್ಕೊಂದು ಅಂಟುತ್ತದೆ. ಹಗ್ಗ ಬಿಗಿಯುತ್ತದೆ, ಬೂಷ್ಟು ಹಿಡಿಯುತ್ತದೆ. ಕಾಗದದ ಸಾಮಾನನ್ನೆಲ್ಲ ಮುಚ್ಚಳ ಬಿಗಿಯಾದ ತಗಡಿನ ಡಬ್ಬದಲ್ಲಿ, ಹುರಿದು ಆರಿಸಿದ ಅಕ್ಕಿಯ ಬಟ್ಟೆ ಪೊಟ್ಟಣದ ಜೊತೆ ಇಡಿ. ವಾರಕ್ಕೊಮ್ಮೆ ಅಕ್ಕಿ ಮತ್ತೆ ಹುರಿಯಿರಿ. ಪ್ರದರ್ಶನದ ದಿನ ವೇದಿಕೆ ಹತ್ತುವ ಹತ್ತು ನಿಮಿಷ ಮೊದಲು ಮಾತ್ರ ಡಬ್ಬ ತೆರೆಯಿರಿ.

ಶೀಟಿನ ಮಾಡಿನ ಸಭಾಂಗಣದಲ್ಲಿ ಜೋರು ಮಳೆ ಹಿಡಿದರೆ ಮೈಕ್ ಇದ್ದರೂ ಮಾತು ಕೇಳಿಸದು. ಆದ್ದರಿಂದ ಇಡೀ ಪ್ರದರ್ಶನವನ್ನು ಒಮ್ಮೆ ಮಾತೇ ಇಲ್ಲದೆ ಆಡಿ ನೋಡಿ. ಮಾತಿಲ್ಲದೆ ಅರ್ಥವಾಗದ ಐಟಂ ಯಾವುದೆಂದು ಆಗ ತಿಳಿಯುತ್ತದೆ. ಅದಕ್ಕೆ ದೊಡ್ಡ ಅಕ್ಷರದ ಫಲಕ ಮಾಡಿಕೊಳ್ಳಿ.

ದಸರಾ ಸಮಯದ ಬಯಲು ವೇದಿಕೆಗಳಲ್ಲಿ ರಾತ್ರಿ ಮಂಜು ಇಳಿದರೆ ಎದುರಿನಿಂದ ಬಿಡುವ ಬೆಳಕು ಮಂಜಿಗೆ ಹೊಡೆದು ಬಿಳಿ ಗೋಡೆಯಾಗುತ್ತದೆ. ಬೆಳಕು ಪಕ್ಕದಿಂದ ಬರಲಿ. ಕರೆಂಟ್ ಹೋದರೆ ಜನರೇಟರ್ ಶುರುವಾಗುವ ತನಕ ಏನು ಮಾಡುವುದೆಂದೂ ಮೊದಲೇ ಗೊತ್ತು ಮಾಡಿ. ನಾವು ಇಬ್ಬರ ಜೇಬಿನಲ್ಲಿ ಟಾರ್ಚ್ ಇಡಿಸುತ್ತೇವೆ. ಗುರು "ಈಗ ನೋಡಿ, ಇಡೀ ಊರನ್ನೇ ಮಾಯ ಮಾಡಿದೆ" ಎನ್ನುತ್ತಾನೆ.

ಹಂತ 6: ಅಪಾಯ

ನಮ್ಮದೊಂದು ಪ್ರದರ್ಶನದಲ್ಲಿ ಮೊಟ್ಟೆಯ ಐಟಂ ಆದ ಮೇಲೆ ನೆಲ ಒರೆಸಿರಲಿಲ್ಲ. ಸಹಾಯಕಿಯ ಪಾತ್ರದ ಹುಡುಗಿ ಜಾರಿಬಿದ್ದಳು. ಮಣಿಕಟ್ಟು ಮುರಿದಿತ್ತು. ಅವಳು ನೋವಿನಿಂದ ಕೂಗಿದಳು, ಸಭೆ ಇನ್ನೂ ಜೋರಾಗಿ ನಕ್ಕಿತು. ಅವಳ ಪಕ್ಕದಲ್ಲೇ ನಿಂತಿದ್ದ ಹುಡುಗನೂ ಆಟವೆಂದೇ ತಿಳಿದು ಮುಂದುವರಿಸಿದ. ಅರ್ಧ ನಿಮಿಷದ ನಂತರ ನಮಗೆ ಅರ್ಥವಾಯಿತು. ಆ ಅರ್ಧ ನಿಮಿಷ ನನಗೆ ಇವತ್ತಿಗೂ ಮರೆತಿಲ್ಲ.

ಅದು ನಮ್ಮಲ್ಲಿ ಮಾತ್ರ ಆಗುವುದಲ್ಲ. ಮೇಲೆ ಹೇಳಿದ ಟಾಮಿ ಕೂಪರ್ 1984ರ ಏಪ್ರಿಲ್ 15ರಂದು ಲಂಡನ್ನಿನಲ್ಲಿ ನೇರ ಪ್ರಸಾರದ ವೇದಿಕೆಯಲ್ಲೇ ಹೃದಯಾಘಾತವಾಗಿ ಕುಸಿದರು. ಪ್ರೇಕ್ಷಕರು ಅದೂ ತಮಾಷೆಯೆಂದು ನಗುತ್ತಿದ್ದರು. ಎಲ್ಲವೂ ಕೆಡುವ ಆಟದಲ್ಲಿ ನಿಜವಾಗಿ ಕೆಟ್ಟದ್ದು ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಒಂದು ಎಚ್ಚರಿಕೆಯ ಪದ ಇಟ್ಟುಕೊಳ್ಳಿ. ಆಟದ ಮಾತಿನಲ್ಲಿ ಎಲ್ಲೂ ಬಾರದ ಪದವಾಗಿರಲಿ. ನಮ್ಮದು "ಏಲಕ್ಕಿ". ಯಾರು ಹೇಳಿದರೂ ಪರದೆ ಬೀಳಬೇಕು, ಸಂಗೀತ ನಿಲ್ಲಬೇಕು, ಹಾಲ್ ಲೈಟ್ ಹತ್ತಬೇಕು. ತಾಲೀಮಿನಲ್ಲಿ ಮುನ್ಸೂಚನೆಯಿಲ್ಲದೆ ಎರಡು ಮೂರು ಸಲ ಕೂಗಿ, ಎಷ್ಟು ಸೆಕೆಂಡಿನಲ್ಲಿ ಪರದೆ ಬಿತ್ತೆಂದು ನೋಡಿ.

ಬೆಂಕಿ ಬೇಡ. ಪರದೆ, ಗೋಣಿ, ಕಾಗದ ತುಂಬಿದ ಜಾಗವದು. ನೀರಿನ ಐಟಂ ವೈರ್‌ಗಳ ಹತ್ತಿರ ಬೇಡ. ಬೀಗ ಹಾಕಿದ ಪೆಟ್ಟಿಗೆಯೊಳಗೆ ಯಾರನ್ನೂ ಕೂರಿಸಬೇಡಿ. ಮೊಟ್ಟೆ ಒಡೆಯುವುದು ಟಾರ್ಪಾಲಿನ ಮೇಲೆಯೇ, ಮುಗಿದ ಕೂಡಲೇ ಸಾಮಾನಿನವನು ಅದನ್ನು ಮಡಚಿ ಒಯ್ಯಲಿ. ಅವನ ಸ್ವಭಾವಕ್ಕೂ ಅದು ಹೊಂದುತ್ತದೆ.

ಕೋವಿಯ ಮಾತನ್ನು ಬೇರೆಯಾಗಿಯೇ ಹೇಳಬೇಕು. ಕೈಲ್‌ಪೋದ್‌ ಎಂಬ ಆಯುಧಪೂಜೆಯ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ನಾಡು ನಮ್ಮದು, ಎಷ್ಟೋ ಮನೆಗಳಲ್ಲಿ ಕೋವಿ ಇದೆ. ಹಾಗಾಗಿ ಪ್ರತಿ ತಂಡದಲ್ಲೂ ಒಬ್ಬನಾದರೂ "ಅಣ್ಣ, ಮನೆಯಿಂದ ಕೋವಿ ತರುತ್ತೇನೆ, ಗುಂಡು ಹಾಕದೆ" ಎನ್ನುತ್ತಾನೆ. ಬೇಡ. ಖಾಲಿ ಕೋವಿಯೂ ಬೇಡ. ಹಾರಿಬಂದ ಗುಂಡನ್ನು ಹಿಡಿಯುವ ಜಾದೂಗೆ ಹೆಸರಾಗಿದ್ದ ಚಂಗ್ ಲಿಂಗ್ ಸೂ 1918ರ ಮಾರ್ಚ್ 23ರಂದು ಲಂಡನ್ನಿನ ವೇದಿಕೆಯ ಮೇಲೆ ಅದೇ ಜಾದೂ ಮಾಡುವಾಗ ನಿಜವಾದ ಗುಂಡು ತಗುಲಿ ಮರುದಿನ ತೀರಿಕೊಂಡರು. ಗುಂಡು ಹಾರದಂತೆ ಮಾರ್ಪಡಿಸಿದ್ದ ಬಂದೂಕಿನೊಳಗೆ ಕಾಲಕ್ರಮದಲ್ಲಿ ಮದ್ದು ಸೋರಿತ್ತು. ವರ್ಷಗಟ್ಟಲೆ ಅದೇ ಕೆಲಸ ಮಾಡಿದವರ ಗತಿಯೇ ಹೀಗಾಯಿತು.

ಹಂತ 7: ತಾಲೀಮು

ಮೊದಲ ಎರಡು ವಾರ ಜಾದೂ ಕಲಿಕೆ. ಮೂರನೇ ವಾರ ಎಡವಟ್ಟು ಕಟ್ಟುವುದು. ನಾಲ್ಕನೇ ವಾರ ಸಾಮಾನಿನ ಜೊತೆ, ನಿಜವಾದ ಉಡುಪಿನಲ್ಲಿ. ಉಡುಪಿಲ್ಲದೆ ತಾಲೀಮು ಮಾಡಿದ ಕರವಸ್ತ್ರ ಪ್ರದರ್ಶನದ ದಿನ ತೋಳಿನೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಐದನೇ ವಾರ ಪರದೆ, ಬೆಳಕು, ಸಂಗೀತ. ಆರನೇ ವಾರ ನಿಮ್ಮನ್ನು ತಿಳಿಯದ ಹತ್ತು ಮಂದಿಯನ್ನು ಕೂರಿಸಿ ಆಡಿ. ಮನೆಯವರು ಎಲ್ಲದಕ್ಕೂ ನಗುತ್ತಾರೆ, ಅವರ ನಗು ಇಲ್ಲಿ ಉಪಯೋಗಕ್ಕಿಲ್ಲ.

ಪರದೆಯ ಹಿಂದಿನ ಇಬ್ಬರಲ್ಲಿ ಒಬ್ಬರ ಕೈಯಲ್ಲಿ ಸಾಮಾನಿನ ಪಟ್ಟಿ ಇರಲೇಬೇಕು: ಯಾವುದು ಎಡಗಡೆ, ಯಾವುದು ಬಲಗಡೆ, ಯಾವುದು ಯಾರ ಜೇಬಿನಲ್ಲಿ. ಮಲಯಾಳಂ ಪತ್ರಿಕೆಯ ಜಾಗದಲ್ಲಿ ಮರೆತು ಇನ್ನೊಂದು 'ಶಕ್ತಿ'ಯನ್ನೇ ಇಟ್ಟರೆ ಜಾದೂ ಸರಿಯಾಗಿ ಫಲಿಸಿಬಿಡುತ್ತದೆ, ಆಮೇಲೆ ಆಟ ಮುಂದೆ ಸಾಗುವುದಿಲ್ಲ.

ಕೆಡುತ್ತಿದೆ ಎಂಬುದರ ಸೂಚನೆಗಳು

ತಾಲೀಮಿನಲ್ಲಿ ನಟರೇ ಪ್ರೇಕ್ಷಕರಿಗಿಂತ ಹೆಚ್ಚು ನಗುತ್ತಿದ್ದರೆ ವೇಗ ಹೆಚ್ಚಾಗಿದೆ ಎಂದರ್ಥ. ನೋಡುವವರು "ಏನಾಯಿತು?" ಎಂದು ಪಕ್ಕದವರನ್ನು ಕೇಳಿದರೆ ಮಾತು ಕೊಡುವ ಭಾಗ ತೆಳುವಾಗಿದೆ. ನಲವತ್ತು ನಿಮಿಷದ ಆಟ ಮೂವತ್ತಕ್ಕೆ ಮುಗಿದರೆ ಮೌನಗಳನ್ನು ನುಂಗಿದ್ದಾರೆ, ಐವತ್ತಕ್ಕೆ ಹೋದರೆ ಯಾರೋ ಸ್ವಂತ ಚೇಷ್ಟೆ ಸೇರಿಸುತ್ತಿದ್ದಾರೆ. ಗುರುವನ್ನು ಕಂಡು ಜನರಿಗೆ ಅಯ್ಯೋ ಪಾಪ ಎನಿಸದಿದ್ದರೆ ಹಂತ 2ಕ್ಕೆ ಹಿಂತಿರುಗಿ. ಅವನಿಗೆ ಅಹಂಕಾರ ಮಾತ್ರ ಇದೆ, ಆಸೆ ಇಲ್ಲ.

ಹಂತ 8: ಪ್ರದರ್ಶನದ ದಿನ

ಎರಡು ಗಂಟೆ ಮೊದಲು ಹೋಗಿ. ವೇದಿಕೆಯ ಮೇಲೆ ನಡೆದು ಸಡಿಲ ಹಲಗೆಗಳಿಗೆ ಸೀಮೆಸುಣ್ಣದ ಗುರುತು ಹಾಕಿ. ಸಭಾಂಗಣದ ಎಡ, ಬಲ ಕೊನೆಯ ಕುರ್ಚಿಗಳಲ್ಲಿ ಕೂತು ಮೇಜಿನ ಹಿಂಭಾಗ ಕಾಣುತ್ತದೆಯೇ ನೋಡಿ. ಬಾಲ್ಕನಿ ಇದ್ದರೆ ಅಲ್ಲಿಂದಲೂ ನೋಡಿ, ಗೋಣಿಚೀಲದ ಒಳಪದರ ಮೇಲಿನಿಂದ ಕಾಣುವುದುಂಟು.

ಪ್ರೇಕ್ಷಕರಲ್ಲಿ ಯಾರನ್ನಾದರೂ ವೇದಿಕೆಗೆ ಕರೆಯುವುದಾದರೆ ಕೇಳಿ ಕರೆಯಿರಿ, ಎಳೆದು ತರಬೇಡಿ. ಬಂದವರು ಯಾವತ್ತೂ ಜಾಣರಾಗಿಯೇ ಇರಬೇಕು, ಪೆದ್ದರು ನಾವು. ಅವರ ಗಡಿಯಾರ, ಮೊಬೈಲ್ ಮುಟ್ಟಬೇಡಿ. ಇಳಿಯುವಾಗ ಕೈಹಿಡಿದು ಮೆಟ್ಟಿಲವರೆಗೆ ಬಿಟ್ಟು ಬನ್ನಿ, ಬೆಳಕಿನಿಂದ ಕತ್ತಲಿಗೆ ಬಂದವರಿಗೆ ಮೆಟ್ಟಿಲು ಕಾಣುವುದಿಲ್ಲ.

ಮುಗಿದ ಮೇಲೆ ಮಕ್ಕಳು ವೇದಿಕೆ ಹತ್ತಿ ಬರುತ್ತಾರೆ, ಎಲ್ಲರ ಕಣ್ಣೂ ಚೀಲದ ಮೇಲೆ. ಅದನ್ನು ಮೊದಲು ಒಳಗೆ ಸಾಗಿಸಿ. ಕತ್ತರಿಗಳನ್ನು ಎಣಿಸಿ. ಮೊಟ್ಟೆಯ ಟಾರ್ಪಾಲನ್ನು ಅಂದೇ ರಾತ್ರಿ ತೊಳೆಯಿರಿ. ಉದ್ದ ಹಗ್ಗವನ್ನು ಮರುದಿನ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ, ಎಂಟರ ಆಕಾರದಲ್ಲಿ ಸುತ್ತಿ ಡಬ್ಬಕ್ಕೆ ಹಾಕಿಡಿ.